ಪ್ರೇಮ ಕಾದಂಬರಿ ಬರೆಯುತ್ತಿದ್ದೇನೆ, ನಾಯಕ ಬರೀ ಪಾಪದವನಾಗುತ್ತಿದ್ದಾನೆ, ಏನು ಮಾಡಲಿ?

ದಕ್ಕೆಬದಿ, ಮಂಗಳೂರು:

ಎರಡು ವರ್ಷದಿಂದ ಒಂದು ಹಗುರವಾದ ಪ್ರೇಮ ಕಾದಂಬರಿ ಬರೆಯುತ್ತಿದ್ದೇನೆ. ನಾಯಕನಿಗೆ 31 ವರ್ಷ, ನಮ್ಮ ದಕ್ಕೆಯಲ್ಲಿ, ಅಂದರೆ ಮೀನುಗಾರಿಕೆ ಬಂದರಿನಲ್ಲಿ, ಬೋಟಿನ ಇಂಜಿನ್ ಮೆಕ್ಯಾನಿಕ್. ಇಂಜಿನ್ ಮುಂದೆ ಕೂತರೆ ಕೈ ತನ್ನಷ್ಟಕ್ಕೆ ಓಡುತ್ತದೆ, ಹುಡುಗಿಯ ಮುಂದೆ ಕೂತರೆ ನಾಲಿಗೆ ಒಣಗುತ್ತದೆ. ಮನೆಯವರು ನೋಡಿದ ನಾಲ್ಕು ಸಂಬಂಧ ಕೂಡಿ ಬರಲಿಲ್ಲ. ಕೊನೆಗೆ ಗೆಳೆಯನ ಒತ್ತಾಯಕ್ಕೆ ಆ್ಯಪ್‌ನಲ್ಲಿ ಒಬ್ಬಳ ಪರಿಚಯವಾಗಿ, ಜೂನ್ ತಿಂಗಳ ಒಂದು ಮಂಗಳವಾರ ಮಧ್ಯಾಹ್ನ ಕದ್ರಿ ಪಾರ್ಕಿನಲ್ಲಿ ಇಬ್ಬರೂ ಭೇಟಿಯಾಗುತ್ತಾರೆ. ಅಲ್ಲಿ ಗಾಳಿಗೆ ಅವನ ಕೊಡೆ ಉಲ್ಟಾ ಆಗುತ್ತದೆ, ಆಮೇಲೆ ಗಡ್‌ಬಡ್ ಐಸ್‌ಕ್ರೀಮಿನ ಗ್ಲಾಸು ಅವಳ ಚೂಡಿದಾರದ ಮೇಲೆ ಮಗುಚುತ್ತದೆ, ಹೋಗುವಾಗ ಅವಳನ್ನು ತಪ್ಪು ಬಸ್ಸಿಗೆ ಹತ್ತಿಸುತ್ತಾನೆ.

ಆರು ಅಧ್ಯಾಯ ತಂಗಿಗೆ ಓದಲು ಕೊಟ್ಟೆ. "ಅಣ್ಣಾ, ನಗು ಬಂತು. ಆದರೆ ಆಮೇಲಾಮೇಲೆ ಪಾಪ ಅನ್ನಿಸಿತು. ಇವನನ್ನು ಅವಳು ಯಾಕೆ ಇಷ್ಟಪಡುತ್ತಾಳೆ ಅಂತಲೇ ಗೊತ್ತಾಗಲಿಲ್ಲ" ಅಂದಳು. ಎರಡು ದಿನದಿಂದ ತಲೆಯಲ್ಲಿ ಅದೇ ಮಾತು. ನನಗೆ ಈ ಹುಡುಗನ ಮೇಲೆ ತುಂಬಾ ಪ್ರೀತಿ ಉಂಟು. ಓದುವವರು ನಗಲಿ, ಆದರೆ ಅವನ ಪಕ್ಕದಲ್ಲಿ ಕೂತು ನಗಲಿ. ಎಲ್ಲಿ ತಪ್ಪುತ್ತಿದ್ದೇನೆ?

ಮಲ್ಪೆಗಾಳಿ:

ಮಾರಾಯ್ರೆ, ಮೊದಲು ಜೂನ್ ತಿಂಗಳನ್ನು ನೋಡಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಬೋಟೆಲ್ಲ ದಡ ಸೇರಿರುತ್ತವೆ, ವರ್ಷದ ರಿಪೇರಿ ಆಗುವುದೇ ಆವಾಗ. ಇಂಜಿನ್ ಮೆಕ್ಯಾನಿಕ್‌ಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಅಂಥವನು ವಾರದ ಮಧ್ಯೆ ಹಗಲಲ್ಲಿ ಪಾರ್ಕು ಸುತ್ತುವುದು ಹೇಗೆ? ಇದನ್ನು ತಪ್ಪು ಹುಡುಕಲು ಹೇಳುತ್ತಿಲ್ಲ, ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಉಂಟು ಅಂತ ನನಗೆ ಅನಿಸುತ್ತದೆ. ಅವನು ಕೆಲಸ ಬಿಟ್ಟು ಬರಲಿ, ಎಷ್ಟು ತಿಕ್ಕಿದರೂ ಉಗುರಿನ ಸಂದಿಯ ಗ್ರೀಸ್ ಹೋಗದೆ ಕೈಯನ್ನು ಮೇಜಿನ ಕೆಳಗೇ ಇಟ್ಟುಕೊಳ್ಳಲಿ. ಹಾಗಾಗಿ ಗಡ್‌ಬಡ್ ತಿನ್ನುವುದೇ ಇಲ್ಲ. ಅದು ಅಷ್ಟುದ್ದದ ಗ್ಲಾಸಿನಲ್ಲಿ ಕರಗುತ್ತಾ ಕರಗುತ್ತಾ ಜೆಲ್ಲಿಯ ತನಕ ಇಳಿಯುತ್ತದೆ, ಅವಳು ನೋಡುತ್ತಾ ಇರುತ್ತಾಳೆ.

ಗ್ಲಾಸು ಮಗುಚಿದರೆ ಅದು ಕೈಜಾರಿ ಆದದ್ದು, ಯಾರಿಗೆ ಬೇಕಾದರೂ ಆಗುತ್ತದೆ. ಕೈ ಅಡಗಿಸುವುದು ಅವನೊಬ್ಬನದೇ. ಅವನ ಎಡವಟ್ಟೆಲ್ಲ ಅತಿಯಾದ ಕಾಳಜಿಯಿಂದ ಬರಲಿ. ಮೊದಲ ಭೇಟಿಯಲ್ಲಿ ಅವಳು ಸುಮ್ನೆ, ಆಫೀಸಿನ ಫ್ಯಾನ್ ಕಟಕಟ ಅನ್ನುತ್ತದೆ ಅಂದಿರುತ್ತಾಳೆ. ಎರಡನೇ ಭೇಟಿಗೆ ಇವನು ಹೂವಿನ ಬದಲು ಸ್ಕ್ರೂಡ್ರೈವರ್ ಮತ್ತು ಬೇರಿಂಗ್ ಹಿಡಿದು ಬರಲಿ. ನಗು ಬರುತ್ತದೆ, ಪಾಪ ಅನಿಸುವುದಿಲ್ಲ.

ಇನ್ನೊಂದು: ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ದೋಣಿಯಲ್ಲಿ ದಾಟಿಸಿ. ನದಿಯ ಮಧ್ಯೆ ಇಂಜಿನ್ ನಿಲ್ಲಲಿ, ಇವನು ಸರಿ ಮಾಡಲಿ.

ಅಬ್ಬಲಿಗೆ, ಉಡುಪಿ:

ಫ್ಯಾನಿನ ವಿಷಯ ತುಂಬಾ ಚೆಂದ ಉಂಟು. ಇಂಜಿನ್ ನಿಲ್ಲಿಸುವುದು ಮಾತ್ರ ಬೇಡ. ಅವನು ಕಾಪಾಡಿದ, ಅದಕ್ಕೆ ಅವಳು ಒಪ್ಪಿದಳು ಅಂತಾಗುತ್ತದೆ. ದೋಣಿ ಸರಿಯಾಗಿಯೇ ಹೋಗಲಿ, ಇವನು ಅದರ ಸದ್ದು ಕೇಳಿ ಇಂಜಿನಿಗೆ ಏನಾಗಿದೆ ಅಂತ ಅವಳಿಗೆ ವಿವರಿಸಲಿ. ಮೊದಲ ಸಲ ನಾಲ್ಕು ವಾಕ್ಯ ತಡವರಿಸದೆ ಆಡುತ್ತಾನೆ, ಅಷ್ಟು ಸಾಕು.

ನನ್ನದೇ ಒಂದು ಅನುಭವ ಹೇಳುತ್ತೇನೆ. ನಾನೂ ನನ್ನ ಗಂಡನೂ ಮೊದಲು ಭೇಟಿಯಾದದ್ದು ರಥಬೀದಿಯ ಹತ್ತಿರದ ಒಂದು ಹೋಟೆಲಿನಲ್ಲಿ. ನನ್ನ ಮನೆಮಾತು ಕೊಂಕಣಿ, ಅವರದು ತುಳು. ಇಬ್ಬರಿಗೂ ಯಾವ ಭಾಷೆಯಲ್ಲಿ ಶುರು ಮಾಡಬೇಕು ಅಂತ ಗೊತ್ತಾಗದೆ ಒಂದು ಗಂಟೆ ಪುಸ್ತಕದ ಕನ್ನಡ ಮಾತಾಡಿದೆವು. "ತಮ್ಮ ಹವ್ಯಾಸಗಳೇನು" ಅಂತ ಕೇಳಿದರು, ನಿಜವಾಗಿಯೂ! ನನಗೆ ಎದ್ದು ಹೋಗಬೇಕು ಅನಿಸುತ್ತಿತ್ತು. ಅಷ್ಟರಲ್ಲಿ ಸಪ್ಲೈಯರ್ ಬಂದ. ಇವರು ಅವನ ಕಡೆ ತಿರುಗಿ "ದಾದ ಉಂಡು?" (ಏನುಂಟು?) ಅಂತ ತುಳುವಿನಲ್ಲಿ ಕೇಳಿದರು. ಧ್ವನಿಯೇ ಬೇರೆ, ಭುಜ ಇಳಿಯಿತು, ಮುಖದಲ್ಲಿ ನಗು. ಓ, ಇವರು ಹೀಗೂ ಇರುತ್ತಾರಾ ಅಂತ ಆವಾಗ ನೋಡಿದೆ. ನಾನೂ ನನಗೆ ಬರುವ ತುಳುವಿನಲ್ಲೇ ಬನ್ಸ್ ಕೇಳಿದೆ. ಮದುವೆಯಾಗಿ 12 ವರ್ಷ ಆಯಿತು.

ನಿಮ್ಮ ಹುಡುಗ, ಹುಡುಗಿ ಯಾವ ಭಾಷೆ ಮಾತಾಡುತ್ತಾರೆ ಅಂತ ನೀವು ಇಲ್ಲಿ ಬರೆದೇ ಇಲ್ಲ. ತುಳುವಿನಲ್ಲಿ ಗೌರವಕ್ಕೆ ಈರ್, ಸಲಿಗೆಗೆ ಈ. 'ಬನ್ನಿ' ಅನ್ನಲು ಬಲೆ, 'ಬಾ' ಅನ್ನಲು ಬಲ. ಈರ್ ಇಂದ ಈ ತನಕ ಬರಲು ಎಷ್ಟು ಪುಟ ಬೇಕು ಅಂತ ನೋಡಿ, ನನಗಂತೂ ನಿಮ್ಮ ಇಡೀ ಕಾದಂಬರಿ ಅದೇ ಅನಿಸುತ್ತದೆ. ಮತ್ತೆ ಅವಳಿಗೂ ಏನಾದರೂ ಮುಜುಗರ ಕೊಡಿ, ಅವಳು ಇವನನ್ನು ಸರಿಮಾಡಲು ಬಂದ ಟೀಚರ್ ಅಲ್ಲ ಅಲ್ವಾ?

ಪತ್ತನಾಜೆ:

ಅಬ್ಬಲಿಗೆಯವರು ಹೇಳಿದ್ದಕ್ಕೆ ನಾನು ತಿಂಗಳು ಸೇರಿಸುತ್ತೇನೆ. ತುಳುವಿನ ಆಟಿ ತಿಂಗಳು ಬಂತೆಂದರೆ ನಮ್ಮಲ್ಲಿ ಮದುವೆ ಮಾತುಕತೆ ನಿಲ್ಲುತ್ತದೆ, ಹೆಣ್ಣು ನೋಡುವುದೂ ಇಲ್ಲ. ಅಂದರೆ ಜುಲೈ ಮಧ್ಯದಿಂದ ಒಂದು ತಿಂಗಳು ನಿಮ್ಮ ಹುಡುಗನಿಗೆ ಮನೆಯವರ ಕಾಟ ಇಲ್ಲ. ಯಾರಿಗೂ ಒಪ್ಪಿಗೆಯಾಗಬೇಕಾಗಿಲ್ಲ ಅಂದ ಕೂಡಲೇ ಅವನ ನಾಲಿಗೆ ಸಡಿಲವಾಗಲಿ. ಆಟಿ ಅಮಾವಾಸ್ಯೆಯ ಬೆಳಿಗ್ಗೆ ಅವಳು ಪಾಲೆ ಮರದ ಕಷಾಯ ಬಾಟಲಿಯಲ್ಲಿ ತುಂಬಿಸಿ ದಕ್ಕೆಗೆ ತರಲಿ. ಅಂಥ ಕಹಿ ಕುಡಿದು ಯಾರೂ ಮುಖ ನೆಟ್ಟಗೆ ಇಟ್ಟುಕೊಳ್ಳಲು ಆಗುವುದಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಗಲಿ. ದೋಣಿಯನ್ನು ಆಟಿ ಮುಗಿದ ಮೇಲಿನ ಸೋಣ ತಿಂಗಳಿಗೆ ಇಟ್ಟುಕೊಳ್ಳಿ, ಆಟಿಯ ಮಳೆಯಲ್ಲಿ ಹೊಳೆ ದಾಟಿಸಬೇಡಿ.

ದಕ್ಕೆಬದಿ, ಮಂಗಳೂರು:

ರಾತ್ರಿ ಕೂತು ಮೂರನೇ ಅಧ್ಯಾಯ ಪೂರ್ತಿ ಅಳಿಸಿದೆ. ಕೊಡೆ, ಗ್ಲಾಸು, ಬಸ್ಸು ಎಲ್ಲ ಹೋಯಿತು. ನಿಷೇಧದ 61 ದಿನ ನನಗೆ ಗೊತ್ತಿದ್ದೂ ಕತೆಗೆ ತಂದಿರಲಿಲ್ಲ, ಮಲ್ಪೆಯವರಿಗೆ ದೊಡ್ಡ ನಮಸ್ಕಾರ. ಅವಳನ್ನು ಮೂಡುಬಿದಿರೆ ಕಡೆಯವಳಾಗಿ ಮಾಡುತ್ತೇನೆ, ಸಮುದ್ರ ಕಂಡರೆ ಹೆದರಿಕೆ, ದೋಣಿ ಹತ್ತಿಯೇ ಇಲ್ಲ, ಅದನ್ನು ಹೇಳಿಕೊಳ್ಳಲು ಅವಳಿಗೂ ನಾಚಿಕೆ. ಒಂದೇ ಪ್ರಶ್ನೆ ಉಳಿದಿದೆ. ಮೊದಲು ಸಲಿಗೆಯಲ್ಲಿ ಕರೆಯುವುದು ಯಾರು?

ಅಬ್ಬಲಿಗೆ, ಉಡುಪಿ:

ಅವನೇ, ಮತ್ತು ಅವನಿಗೆ ಗೊತ್ತಾಗದ ಹಾಗೆ. ಅವಳು ದಡದಲ್ಲಿ ಕಾಲು ಎತ್ತಲಾರದೆ ನಿಂತಿರುತ್ತಾಳೆ, ಇವನು ದೋಣಿಯಿಂದ ಗ್ರೀಸ್ ಹತ್ತಿದ ಕೈಯನ್ನು ಮರೆತು ಮುಂದೆ ಚಾಚಿ "ಬಲ" ಅನ್ನುತ್ತಾನೆ. ಆ ಅಧ್ಯಾಯ ಬರೆದ ದಿನ ಇಲ್ಲಿ ಹಾಕಿ, ನಾನು ಮೊದಲು ಓದುತ್ತೇನೆ.