ಸಹಾಯ ಬೇಕು: ಕ್ರೋಮ್‌ನಲ್ಲಿ ಸೈಟ್ ತೆರೆಯುತ್ತದೆ, ಕರ್ಲ್‌ನಲ್ಲಿ ಎರರ್

ಎರಡು ದಿನದಿಂದ ತಲೆ ಕೆಟ್ಟುಹೋಗಿದೆ. ಸರ್ವರ್‌ಗೆ ಸೈಟ್ ಅಸಲಿ ಎಂದು ತೋರಿಸುವ ಹೊಸ ಸರ್ಟಿಫಿಕೇಟ್ ಹಾಕಿದೆ. ಲ್ಯಾಪ್‌ಟಾಪಿನ ಕ್ರೋಮ್‌ನಲ್ಲಿ ಸೈಟ್ ಸಲೀಸಾಗಿ ತೆರೆಯುತ್ತದೆ, ಕಮಾಂಡ್ ಕೊಟ್ಟು ಸೈಟ್ ತೆರೆಯುವ ಕರ್ಲ್ ಮಾತ್ರ ಒಪ್ಪುತ್ತಿಲ್ಲ. ಸರ್ಟಿಫಿಕೇಟ್ ಪರೀಕ್ಷಿಸುವ ಟೂಲ್ ಆದ ಓಪನ್‌ಎಸ್‌ಎಸ್‌ಎಲ್‌ನಲ್ಲಿ 443 ಪೋರ್ಟ್ (ಎಚ್‌ಟಿಟಿಪಿಎಸ್‌ನದು) ನೋಡಿದರೆ 21ನೇ ನಂಬರಿನ ಎರರ್ (ಮೊದಲ ಸರ್ಟಿಫಿಕೇಟನ್ನು ಪರಿಶೀಲಿಸಲಾಗುತ್ತಿಲ್ಲ ಎಂದು), ಬರುತ್ತಿರುವುದು ಒಂದೇ ಸರ್ಟಿಫಿಕೇಟ್. ಅಂದರೆ ನಮ್ಮ ಸರ್ಟಿಫಿಕೇಟನ್ನು ಮೂಲ ಸರ್ಟಿಫಿಕೇಟಿಗೆ ಜೋಡಿಸುವ ಮಧ್ಯದ (ಇಂಟರ್‌ಮೀಡಿಯೆಟ್) ಸರ್ಟಿಫಿಕೇಟ್ ಸರ್ವರ್‌ನಿಂದ ಹೋಗುತ್ತಿಲ್ಲ, ಕ್ರೋಮ್ ಅದನ್ನು ತಾನೇ ತಂದುಕೊಳ್ಳುತ್ತಿದೆ, ಅಲ್ವಾ?

ಅದಕ್ಕೇ ನಮ್ಮ ವೆಬ್ ಸರ್ವರ್ ಸಾಫ್ಟ್‌ವೇರ್ ಎಂಜಿನ್‌ಎಕ್ಸ್‌ನ ಕಾನ್ಫಿಗ್‌ನಲ್ಲಿ ಫುಲ್‌ಚೈನ್ ಫೈಲ್ ಕೊಟ್ಟೆ. ಅದರಲ್ಲಿ ಎರಡೂ ಸರ್ಟಿಫಿಕೇಟ್ ಇವೆ, ನಮ್ಮದೇ ಮೊದಲು. ರೀಸ್ಟಾರ್ಟ್ ಮಾಡಿದೆ. ಸುಮ್ನೆ ಬ್ರೌಸರ್ ಕ್ಯಾಶೆಯನ್ನೂ ಅಳಿಸಿದೆ! ಈಗ ಸರ್ವರ್ ಒಳಗಿನಿಂದ ನೋಡಿದರೆ ಎರಡೂ ಬರುತ್ತವೆ, ಹೊರಗಿನಿಂದ ನೋಡಿದರೆ ಇನ್ನೂ ಒಂದೇ. ನಮ್ಮ ಸರ್ಟಿಫಿಕೇಟಿನ ಸೀರಿಯಲ್ ನಂಬರ್ ಮಾತ್ರ ಎರಡೂ ಕಡೆ ಒಂದೇ ಇದೆ.

ಸರ್ವರ್ ಮುಂದೆ ಲೋಡ್ ಬ್ಯಾಲೆನ್ಸರ್ (ಬರುವ ಟ್ರಾಫಿಕ್ಕನ್ನು ಹಂಚುವ ವ್ಯವಸ್ಥೆ) ಇದೆ. ಅದು 443ರ ಟ್ರಾಫಿಕ್ಕನ್ನು ಹಾಗೇ ದಾಟಿಸುತ್ತದೆ ಎಂದುಕೊಂಡಿದ್ದೆ. ಟಿಎಲ್‌ಎಸ್ (ಎನ್‌ಕ್ರಿಪ್ಟ್ ಆದ ಸಂಪರ್ಕ) ನಮ್ಮ ಸರ್ವರ್‌ವರೆಗೆ ಬರದೆ ಅಲ್ಲೇ ಮುಗಿಯುತ್ತಿದೆಯಾ ಎಂದು ಹೊರಗಿನಿಂದಲೇ ಖಚಿತವಾಗಿ ಪತ್ತೆ ಮಾಡುವುದು ಹೇಗೆ?