ಪ್ರಶ್ನೋತ್ತರ: ಮಕ್ಕಳ ಕಲ್ಯಾಣ ಸಮಿತಿಯವರ ಮುಂದೆ ಹೇಗೆ ನಡೆದುಕೊಳ್ಳಲಿ?

ಪ್ರಶ್ನೆ (ಕುಮಟಾ ಕಡೆಯ ಒಬ್ಬ ತಾಯಿ):

ಅಕ್ಕಾ, ನಮಸ್ಕಾರ. ನಮ್ಮದು ಮೀನುಗಾರರ ಮನೆ. ಮಗನಿಗೆ 12 ವರ್ಷ. ಆಗಸ್ಟ್‌ನಲ್ಲಿ ಬೋಟು ಕಡಲಿಗೆ ಇಳಿದ ಮೇಲೆ ಅವನೂ ಬೆಳಗಿನ ಜಾವ ಅಪ್ಪನ ಜೊತೆ ಬಂದರಕ್ಕೆ ಹೋಗಿ ಮೀನು ಆರಿಸಲು ಶುರು ಮಾಡಿದ. ಶಾಲೆ 20 ದಿನ ತಪ್ಪಿತು. ಯಾರೋ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದ್ದಾರೆ. ಮನೆಗೆ ಇಬ್ಬರು ಬಂದರು. ನಮ್ಮ ಮನೆಯವರು ಅವತ್ತು ರಾತ್ರಿಯಿಡೀ ನಿದ್ದೆಗೆಟ್ಟು ಬಂದಿದ್ದರು. "ನನ್ನ ಮಗನ ವಿಷಯ ಕೇಳಲಿಕ್ಕೆ ನೀವ್ಯಾರು" ಎಂದು ಕೂಗಾಡಿ ಬಾಗಿಲು ಹಾಕಿಬಿಟ್ಟರು. ಈಗ ಸೋಮವಾರ ಕಾರವಾರಕ್ಕೆ ಬನ್ನಿ ಎಂದು ಮಕ್ಕಳ ಕಲ್ಯಾಣ ಸಮಿತಿಯಿಂದ ಪತ್ರ ಬಂದಿದೆ. ಮಗನನ್ನು ಕರೆದುಕೊಂಡು ಹೋಗಿಬಿಡ್ತಾರಾ? ಕಾಲು ಹಿಡಿದರೆ ಬಿಡ್ತಾರಾ?

ಉತ್ತರ (ಮಕ್ಕಳ ವಿಷಯದ ವಕೀಲೆ, ಕಾರವಾರ):

ತಂಗಿ, ಕಾಲು ಹಿಡಿಯುವುದು ಬೇಡ. ಅಲ್ಲಿ ಕೂತವರಿಗೆ ಬೇಕಾದ ಮರ್ಯಾದೆ ಅದಲ್ಲ.

ಮೊದಲು ನಿಮ್ಮ ಹೆದರಿಕೆಗೆ ಉತ್ತರ. 2015ರ ಬಾಲ ನ್ಯಾಯ ಕಾಯ್ದೆಯೇ ಹೇಳುತ್ತದೆ: ಮಗುವನ್ನು ನೋಡಿಕೊಳ್ಳುವ ಮೊದಲ ಹೊಣೆ ಮನೆಯವರದ್ದು, ಬೇರೆ ದಾರಿಯೇ ಇಲ್ಲದಾಗ ಮಾತ್ರ ಬಾಲಮಂದಿರ. ಸಮಿತಿಯಲ್ಲಿ ಒಬ್ಬರು ಅಧ್ಯಕ್ಷರು, ನಾಲ್ವರು ಸದಸ್ಯರು. ಕಟಕಟೆ ಹತ್ತಿಸುವ ಕೋರ್ಟಲ್ಲ. ಆದರೆ ಮ್ಯಾಜಿಸ್ಟ್ರೇಟರಿಗೆ ಇರುವ ಅಧಿಕಾರ ಅವರಿಗೂ ಇದೆ. ಹಾಗಾಗಿ ಆ ಪತ್ರವನ್ನು ಹಗುರಾಗಿ ತೆಗೆದುಕೊಳ್ಳಬೇಡಿ.

ಕೂಗಾಡಿದ್ದು ಆಗಿಹೋಯ್ತು. ಒಳಗೆ ಹೋದ ಕೂಡಲೇ ನಿಮ್ಮ ಯಜಮಾನರೇ ಹೇಳಲಿ: "ಅವತ್ತು ಮನೆಗೆ ಬಂದವರ ಹತ್ತಿರ ಜೋರು ಮಾತಾಡಿದೆ, ತಪ್ಪಾಯ್ತು." ಅಷ್ಟು ಸಾಕು. ನಿದ್ದೆ ಇರಲಿಲ್ಲ, ಯಾರೋ ಹೊಟ್ಟೆಕಿಚ್ಚಿಗೆ ದೂರು ಕೊಟ್ಟಿದ್ದಾರೆ ಎಂದೆಲ್ಲ ಎಳೆಯುವುದು ಬೇಡ. ಫೋನ್ ಮಾಡಿದವರು ಯಾರು ಅಂತ ಊರಲ್ಲಿ ಹುಡುಕುತ್ತಲೂ ಹೋಗಬೇಡಿ.

ಕೇಳಿದ್ದಕ್ಕೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಶಾಲೆ 20 ದಿನ ತಪ್ಪಿದ್ದರೆ ಇಪ್ಪತ್ತೇ ಹೇಳಿ. ಹಾಜರಿ ಪುಸ್ತಕ ಶಾಲೆಯ ಅಕ್ಕೋರ ಹತ್ತಿರ ಇರುತ್ತದೆ, ಸಮಿತಿಯವರು ಅದನ್ನು ನೋಡಿಯೇ ನೋಡುತ್ತಾರೆ. ಒಂದು ಸುಳ್ಳು ಸಿಕ್ಕಿತು ಎಂದರೆ ನಿಮ್ಮ ಉಳಿದ ಹತ್ತು ನಿಜವನ್ನೂ ಅವರು ನಂಬುವುದು ಕಷ್ಟ.

ಇನ್ನೊಂದು ವಿಷಯ, ನನಗೆ ಎಲ್ಲಕ್ಕಿಂತ ದೊಡ್ಡದು. ಮಗನನ್ನು ಕೇಳಿದಾಗ ಮಗನೇ ಉತ್ತರ ಹೇಳಲಿ. ಒಮ್ಮೆ ಹೀಗೇ ಒಂದು ವಿಚಾರಣೆಗೆ ಹೋಗಿದ್ದೆ. ಸದಸ್ಯೆಯೊಬ್ಬರು ಹುಡುಗನಿಗೆ "ನಿನ್ನೆ ರಾತ್ರಿ ಏನು ಊಟ ಮಾಡಿದೆ?" ಎಂದು ಕೇಳಿದರು. ಅಪ್ಪ "ಅನ್ನ ಸಾರು" ಅಂದ. "ಶಾಲೆಯಲ್ಲಿ ದೋಸ್ತಿ ಯಾರು?" ಅದಕ್ಕೂ ಅಪ್ಪನೇ. ಆಗ ತಾಯಿ ಮೆಲ್ಲಗೆ ಗಂಡನ ಮೊಣಕಾಲ ಮೇಲೆ ಕೈ ಇಟ್ಟಳು. ಅವನು ಸುಮ್ಮನಾದ. ಹುಡುಗ ಎಷ್ಟೋ ಹೊತ್ತು ತನ್ನ ಚಪ್ಪಲಿಯ ಬಾರನ್ನೇ ನೋಡುತ್ತಾ ಕೂತ. ಆಮೇಲೆ "ಬಂಗಡೆ ಸಾರು. ಆಯಿ ಮಾಡಿದ್ದು" ಅಂದ. ಅಲ್ಲಿಂದ ಮುಂದೆ ಅವನನ್ನು ನಿಲ್ಲಿಸುವುದೇ ಕಷ್ಟವಾಯಿತು. ಮಗನ ಹತ್ತಿರ ಬೇರೆಯಾಗಿ ಮಾತಾಡುತ್ತೇವೆ ಎಂದರೂ ಗಾಬರಿಯಾಗಬೇಡಿ. "ಹೀಗೇ ಹೇಳು" ಎಂದು ಬಸ್ಸಿನಲ್ಲಿ ಪಾಠ ಮಾಡಿಸಿಕೊಂಡು ಬರಲೂಬೇಡಿ. ಮಕ್ಕಳ ಮುಖದಲ್ಲಿ ಅದು ತಿಳಿದುಬಿಡುತ್ತದೆ.

ಅದೇ ತಾಯಿ:

ಅಕ್ಕಾ, ಅರ್ಧ ಹೆದರಿಕೆ ಇಳಿಯಿತು. ಬರುವಾಗ ಒಂದಿಷ್ಟು ಒಳ್ಳೆಯ ಇಸವಾಣ ತರೋಣ ಅಂತಿದ್ದಾರೆ ಇವರು. ಪರಿಚಯದ ಲೀಡರ್ ಒಬ್ಬರ ಕೈಲಿ ಫೋನೂ ಮಾಡಿಸ್ತಾರಂತೆ. ಅತ್ತೆಗೆ ಕೊಂಕಣಿ ಬಿಟ್ಟು ಬೇರೆ ಬರುವುದಿಲ್ಲ, ಅವರನ್ನು ಕರೆತರಬಹುದಾ?

ಉತ್ತರ:

ಮೀನು ಬೇಡ. ನಮ್ಮ ಕಡೆ ಕೈಯಲ್ಲಿ ಏನಾದರೂ ಹಿಡಿದು ಹೋಗುವುದು ಮರ್ಯಾದೆ ಅಂತ ನನಗೂ ಗೊತ್ತು. ಅಲ್ಲಿ ಅದು ಲಂಚ ಆಗುತ್ತದೆ. ಲೀಡರ್ ಫೋನೂ ಹಾಗೆಯೇ, "ನಿಮ್ಮ ಮೇಲೆ ನಂಬಿಕೆ ಇಲ್ಲ" ಎಂದು ಹೇಳಿದ ಹಾಗೆ. ವಿಚಾರಿಸಲು ಯಾರಾದರೂ ಮನೆಗೆ ಮತ್ತೆ ಬಂದರೆ ಕುಡಿಯಲು ಆಸರಿಗೆ ಬೇಕಾ ಕೇಳಿ, ಜಗಲಿಯಲ್ಲಿ ಕೂರಿಸಿ. ಬೇಡ ಎಂದರೆ ಒತ್ತಾಯ ಬೇಡ.

ಅತ್ತೆಯನ್ನು ಖಂಡಿತ ಕರೆತನ್ನಿ. ಅವರಿಗೆ ಕೊಂಕಣಿಯಲ್ಲೇ ಕೇಳಿ ಎಂದು ವಿನಂತಿ ಮಾಡಿ. ಕಾರವಾರದಲ್ಲಿ ಅದು ಕಷ್ಟದ ಮಾತಲ್ಲ.

ಮರ್ಯಾದೆ ಕೊಡುವುದೆಂದರೆ ಎಲ್ಲದಕ್ಕೂ ಸುಮ್ನೆ ತಲೆಯಾಡಿಸುವುದಲ್ಲ. ಮನೆಗೆ ಬಂದವರ ಗುರುತಿನ ಚೀಟಿ ಕೇಳಬಹುದು. ಓದದೆ ಎಲ್ಲಿಯೂ ಸಹಿ ಹಾಕಬೇಡಿ, "ಒಮ್ಮೆ ಓದಿ ಹೇಳಿ ಮೇಡಂ" ಎನ್ನಿ. ಆದೇಶದ ಪ್ರತಿ ಕೇಳಿ ತೆಗೆದುಕೊಳ್ಳಿ. ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಮೇಲ್ಮನವಿ ಹಾಕಲು ಬರುತ್ತದೆ. ವಕೀಲರು ಬೇಕೆಂದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಫೋನ್ ಮಾಡಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಅದು ಉಚಿತ.

ಶಿರಸಿಯ ಒಬ್ಬ ಮಾಸ್ತರು:

ನಮ್ಮ ಶಾಲೆಯ ಗ್ರೂಪಿನಲ್ಲಿ ಇಂಥದ್ದೇ ಒಂದು ಮಗುವಿನ ಫೋಟೋ ಓಡಾಡುತ್ತಿದೆ, "ಸಹಾಯ ಮಾಡಿ" ಅಂತ. ಇದು ಸರಿಯಾ?

ಉತ್ತರ:

ಸರಿಯಲ್ಲ ಸರ್, ಇವತ್ತೇ ಅಳಿಸಿ ಹಾಕಿಸಿ. ವಿಚಾರಣೆಯಲ್ಲಿರುವ ಮಗುವಿನ ಹೆಸರು, ಫೋಟೋ, ಶಾಲೆ, ಯಾವುದನ್ನೂ ಹೊರಗೆ ಹಾಕುವಂತಿಲ್ಲ. ಕಾಯ್ದೆಯ 74ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲಾಗಬಹುದು. ನಾಳೆ ಆ ಮಗು ಅದೇ ಕ್ಲಾಸಿನಲ್ಲಿ ಬಂದು ಕೂರಬೇಕು ಅಲ್ವಾ.

ಕುಮಟಾದ ತಾಯಿ:

ಶಾಲೆಗೆ ಇವತ್ತಿನಿಂದಲೇ ಕಳಿಸಿದ್ದೇನೆ ಅಕ್ಕಾ. ಸೋಮವಾರ ಏನೇನು ತರಲಿ?

ಉತ್ತರ:

ಬಹಳ ಒಳ್ಳೆಯದಾಯ್ತು. ಮುಖ್ಯ ಮಾಸ್ತರರಿಂದ "ಮತ್ತೆ ಬರುತ್ತಿದ್ದಾನೆ" ಎಂದು ಒಂದು ಚೀಟಿ ಬರೆಸಿಕೊಳ್ಳಿ. ಅದು, ಆಧಾರ್, ರೇಶನ್ ಕಾರ್ಡ್, ಬಂದ ಪತ್ರ, ಮಗನ ನೋಟ್‌ಬುಕ್. ಬೆಳಗಿನ ಬಸ್ಸೇ ಹಿಡಿಯಿರಿ. ದಾರಿಯಲ್ಲಿ ತಡವಾದರೆ ಪತ್ರದಲ್ಲಿರುವ ನಂಬರಿಗೆ ಆಗಲೇ ಫೋನ್ ಮಾಡಿ ತಿಳಿಸಿ. ಕಾಯಬೇಕಾಗಬಹುದು, ಮಾಣಿಗೆ ತಿನ್ನಲು ಏನಾದರೂ ಕಟ್ಟಿಕೊಂಡು ಬನ್ನಿ.