90ರ ಮಜ್ದಾ ಮಿಯಾಟ ಕಾರು: ಸಿಗ್ನಲ್ಲಲ್ಲಿ ನಿಂತ್ರೆ ಟೆಂಪರೇಚರ್ ಏರ್ತಿದೆ, ಯಾರಾದ್ರೂ ಹೇಳಿ ಪ್ಲೀಸ್

ಮಲ್ನಾಡ್_ಆಸ್ಟಿನ್:
ಎಲ್ರಿಗೂ ನಮಸ್ಕಾರ. ನನ್ನ ಫಸ್ಟ್ ಕಾರು ಇದು, ಎರಡು ವರ್ಷ ದುಡ್ಡು ಕೂಡಿಟ್ಟು ತಗೊಂಡಿದ್ದು, ಈಗ ಅಳು ಬರೋ ಹಾಗಾಗಿದೆ. ಹೈವೇಲಿ ಹೋಗ್ತಿದ್ರೆ ಮುಳ್ಳು ಮಧ್ಯದಲ್ಲೇ ಇರತ್ತೆ, ಐ-35ರ ಟ್ರಾಫಿಕ್ಕಲ್ಲಿ ಸಿಕ್ಕಾಕೊಂಡ್ರೆ ಐದೇ ನಿಮಿಷಕ್ಕೆ ಮೇಲೆ ಹೋಗತ್ತೆ, ನಿನ್ನೆ ಸೈಡಿಗೆ ಹಾಕಿ ಟೆಕ್ಸಸ್ ಬಿಸಿಲಲ್ಲಿ ಮುಕ್ಕಾಲು ಗಂಟೆ ನಿಂತಿದ್ದೆ. ಕೂಲೆಂಟ್ ಫುಲ್ ಇದೆ, ಎಲ್ಲೂ ಲೀಕ್ ಇಲ್ಲ. ಏನಿರಬಹುದು?

ಹುಬ್ಬಳ್ಳಿ_1.8:
ಥರ್ಮೋಸ್ಟ್ಯಾಟ್ ರೀ, ಎಂಜಿನ್ ಬಿಸಿ ಆದಾಗ ತೆರೆದು ಕೂಲೆಂಟ್ ರೇಡಿಯೇಟರಿಗೆ ಬಿಡೂ ವಾಲ್ವ್. ಮೊದಲ ಅದನ್ನ ಬದಲಿ ಮಾಡ್ರಿ, ಉಳಿದದ್ದು ಆಮ್ಯಾಲೆ ನೋಡೋಣು.

ನಟ್ಟು_ಬೋಲ್ಟು:
ಅದು ಪೂರ್ತಿ ಮುಚ್ಕೊಂಡು ಜಾಮ್ ಆಗಿದ್ರೆ ಹೈವೇಲೂ ಏರ್ಬೇಕಿತ್ತಲ್ಲ ಸರ್. ಓಡುವಾಗ ಗಾಳಿ ತಾನಾಗೇ ಸಿಗತ್ತೆ, ನಿಂತಾಗ ಫ್ಯಾನೇ ಗತಿ. ಫ್ಯಾನ್ ತಿರುಗ್ತಿದ್ಯಾ? ಎಸಿ ಆನ್ ಮಾಡಿ ನೋಡಿ, ಎರಡೂ ತಿರುಗ್ಬೇಕು.

ಮಲ್ನಾಡ್_ಆಸ್ಟಿನ್:
ಎಸಿ ಇಲ್ಲ, ಹಿಂದಿನ ಓನರ್ ಕಿತ್ತು ಹಾಕಿದಾರೆ, ಇರೋದು ಒಂದೇ ಫ್ಯಾನು. ಥರ್ಮೋಸ್ಟ್ಯಾಟ್ ಹೊಸದು, ಹೋದ ಭಾನುವಾರ ಕೂಲೆಂಟ್ ಬದಲಾಯಿಸುವಾಗ ನಾನೇ ಹಾಕಿದ್ದು, ಅವತ್ತಿಂದಾನೇ ಹೀಗೆ.

ನಟ್ಟು_ಬೋಲ್ಟು:
ಮಾರಾಯ್ರೆ, ಇದನ್ನ ಮೊದಲೇ ಹೇಳ್ಬೇಕಿತ್ತು!

ಹುಬ್ಬಳ್ಳಿ_1.8:
ಹೊಸಾದಂದ್ರ ಒರಿಜಿನಲ್ಲೋ ಅಗ್ಗದ್ದೋ? ಅಗ್ಗದ್ದು ನಂಬಬ್ಯಾಡ್ರಿ. ಬಿಚ್ಚಿ ಪಾತ್ರ್ಯಾಗ ನೀರ್ ಕುದಿಸಿ ಹಾಕ್ರಿ, ತೆರೀಲಿಲ್ಲಂದ್ರ ಅದ ಕಾರಣ. ಈ 1.6 ಲೀಟರ್ ಎಂಜಿನ್ನಿನಾಗ ಫ್ಯಾನ್ ಸ್ವಿಚ್ ಥರ್ಮೋಸ್ಟ್ಯಾಟ್ ಹೌಸಿಂಗ್‌ನಾಗ ಇರ್ತದ, ಥರ್ಮೋಸ್ಟ್ಯಾಟ್ ತೆರೀದಿದ್ರ ಬಿಸಿನೀರು ಸ್ವಿಚ್ಚಿಗೆ ಮುಟ್ಟೂದಿಲ್ಲ, ಫ್ಯಾನೂ ಬರೂದಿಲ್ಲ. ಎರಡೂ ಒಂದ ಮಾತು.

ಕಾವೇರಿ_93:
ಏರ್ ಲಾಕ್ ಆಗಿರತ್ತೆ, ಅಂದ್ರೆ ಕೂಲೆಂಟ್ ಒಳಗೆ ಗಾಳಿ ಸಿಕ್ಕಾಕೊಂಡಿರತ್ತೆ. ಮುಂದಿನ ಚಕ್ರ ರ‍್ಯಾಂಪ್ ಮೇಲೆ ಹತ್ತಿಸಿ, ಎಂಜಿನ್ ತಣ್ಣಗಿರುವಾಗಲೇ ರೇಡಿಯೇಟರ್ ಕ್ಯಾಪ್ ತೆಗೆದು, ಹೀಟರ್ ಫುಲ್ ಇಟ್ಟು ಸ್ಟಾರ್ಟ್ ಮಾಡಿ, ಗುಳ್ಳೆ ನಿಲ್ಲೋ ತನಕ ಬಿಡಿ. ನಲ್ಲಿ ನೀರು ಮಿಕ್ಸ್ ಮಾಡಿಲ್ಲ ತಾನೆ?

ಮಲ್ನಾಡ್_ಆಸ್ಟಿನ್:
ನಲ್ಲಿ ನೀರೇ ಹಾಕಿದ್ದು...

ಕಾವೇರಿ_93:
ಅಯ್ಯೋ, ಡಿಸ್ಟಿಲ್ಡ್ ವಾಟರ್ ಹಾಕ್ಬೇಕು, ಇಲ್ಲಾಂದ್ರೆ ಒಳಗೆಲ್ಲ ಬಿಳಿ ಪದರ ಕೂರತ್ತೆ.

ಹುಬ್ಬಳ್ಳಿ_1.8:
ನಾ ಹತ್ತ ವರ್ಷ ನಳದ ನೀರ ಹಾಕೇನಿ, ಏನೂ ಆಗಿಲ್ಲ.

ಕಾವೇರಿ_93:
ನಿಮ್ಮೂರ ನೀರು ಬೇರೆ, ಟೆಕ್ಸಸ್ ಗಡಸು ನೀರು ಬೇರೆ ಸರ್. ನನ್ನದು 93ರ ಲಿಮಿಟೆಡ್ ಎಡಿಷನ್, ಕಪ್ಪು ಬಣ್ಣ, ಒಳಗೆ ಕೆಂಪು ಲೆದರ್, 1500 ಮಾತ್ರ ಬಂದಿದ್ದು, ಈಗ ಅಲ್ಯೂಮಿನಿಯಂ ರೇಡಿಯೇಟರ್ ಹಾಕಿಸಿದೀನಿ, ಹೋದ ತಿಂಗಳು ಹಾರ್ಡ್‌ಟಾಪೂ ಸಿಕ್ತು, ಬೆಳಿಗ್ಗೆ ಹೆಡ್‌ಲೈಟ್ ಎದ್ದು ನಿಲ್ಲೋದು ನೋಡಿದ್ರೆ ಈಗಲೂ ಖುಷಿ ಆಗತ್ತೆ.

ನಟ್ಟು_ಬೋಲ್ಟು:
ಕಾರು ಚೆನ್ನಾಗಿದೆ, ಆದ್ರೆ ಹುಡುಗನ ಎಂಜಿನ್ ಹೆಡ್ ಬೆಂಡ್ ಆಗೋದ್ರೊಳಗೆ ಇದನ್ನ ಮುಗಿಸೋಣ. ಮಲ್ನಾಡ್, ಬಾನೆಟ್ ತೆಗೀರಿ, ಡಯಾಗ್ನೋಸಿಸ್ ಅಂತ ಬರೆದಿರೋ ಸಣ್ಣ ಕಪ್ಪು ಡಬ್ಬಿ ಇರತ್ತೆ, ಮುಚ್ಚಳದ ಒಳಗೆ ಅಕ್ಷರ ಇರತ್ತೆ. ಕೀ ಆನ್ ಮಾಡಿ ಟಿಎಫ್ಎ (ಫ್ಯಾನಿನದು) ಮತ್ತು ಜಿಎನ್‌ಡಿ (ಗ್ರೌಂಡ್) ಅನ್ನೋ ಎರಡೂ ತೂತಿಗೆ ಒಂದು ವೈರ್ ತುಂಡು ಸಿಕ್ಕಿಸಿ. ಫ್ಯಾನ್ ತಿರುಗಿದ್ರೆ ಮೋಟಾರು, ರಿಲೇ ಸರಿ ಇದೆ, ತೊಂದ್ರೆ ಸ್ವಿಚ್ಚಲ್ಲಿ ಅಥವಾ ಅದರ ವೈರಲ್ಲಿ. ಅಲ್ಲೀತನಕ ಟ್ರಾಫಿಕ್ಕಲ್ಲಿ ಮುಳ್ಳು ಏರಿದ್ರೆ ಹೀಟರ್ ಫುಲ್ ಹಾಕಿ, ಸೆಕೆ ತಡ್ಕೊಳ್ಳಿ.

ಮಲ್ನಾಡ್_ಆಸ್ಟಿನ್:
ತಿರುಗ್ತು! ಜೋರಾಗಿ! ಆಮೇಲೆ ಹೌಸಿಂಗ್ ಹತ್ರ ಟಾರ್ಚ್ ಬಿಟ್ಟು ನೋಡಿದ್ರೆ ಸ್ವಿಚ್ಚಿನ ವೈರು ಕನೆಕ್ಟರ್ ಬುಡದಲ್ಲೇ ಕಟ್ ಆಗಿದೆ. ಥರ್ಮೋಸ್ಟ್ಯಾಟ್ ಹಾಕುವಾಗ ಕನೆಕ್ಟರ್ ಗಟ್ಟಿ ಇದೆ ಅಂತ ಎಳೆದಿದ್ದೆ, 30 ವರ್ಷ ದಾಟಿದ ವೈರು, ಒಣಗಿ ಕಡ್ಡಿ ಥರ ಆಗಿತ್ತು. ಸೋಲ್ಡರ್ ಮಾಡ್ಬಹುದಾ, ಹೊಸ ಕನೆಕ್ಟರ್ ಬೇಕಾ?

ನಟ್ಟು_ಬೋಲ್ಟು:
ಬುಡದಲ್ಲಿ ಕಟ್ ಆಗಿದ್ರೆ ಹೊಸ ಕನೆಕ್ಟರ್ ಹಾಕಿ, ಮೇಲೆ ಹೀಟ್ ಶ್ರಿಂಕ್ ಸ್ಲೀವ್. ರೇಡಿಯೇಟರ್ ಮೇಲಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ಯಾ? ತಿರುಗಿದ್ರೆ ಅದೂ ಬದಲಾಯಿಸಿ, ಯಾವಾಗ ಬಿರುಕು ಬಿಡತ್ತೋ ಹೇಳಕ್ಕಾಗಲ್ಲ.

ಹುಬ್ಬಳ್ಳಿ_1.8:
ವೈರ್ ಹಾಕ್ರಿ, ಆದ್ರ ಥರ್ಮೋಸ್ಟ್ಯಾಟ್ ಕುದಿಸಿ ನೋಡೂದು ಬಿಡಬ್ಯಾಡ್ರಿ.

ಮಲ್ನಾಡ್_ಆಸ್ಟಿನ್:
ಪ್ಲಾಸ್ಟಿಕ್ ಕಂದೇ ಆಗಿದೆ ಸರ್. ಶನಿವಾರ ಎರಡೂ ಮಾಡ್ತೀನಿ. ಕಾವೇರಿ ಸರ್, ಆ ಅಲ್ಯೂಮಿನಿಯಂ ರೇಡಿಯೇಟರ್ ಎಷ್ಟಾಯ್ತು?